ದಡ ಹತ್ತಿರವಾದಾಗಲೇ ಎಚ್ಚರ

ನೀವು ಎಂದಾದರೂ ಹರಿಗೋಲಿನಲ್ಲಿ ಕುಳಿತು ಹೊಳೆ ದಾಟಿದ್ದೀರಾ? ದಾಟಿದ್ದರೆ, ನಿಮಗೆ ಯಾವ ಗಳಿಗೆಯಲ್ಲಿ ಹೆದರಿಕೆಯಾಯಿತು ಎಂದು ನೆನಪಿಸಿಕೊಳ್ಳಿ. ನಡುಹೊಳೆಯಲ್ಲಿ ಎಂದು ಹೆಚ್ಚಿನವರು ಹೇಳುತ್ತಾರೆ. ಕೆಳಗೆ ಆಳವಾದ ನೀರು, ಸುತ್ತಲೂ ಹಿಡಿಯಲು ಏನೂ ಇಲ್ಲ, ಬುಟ್ಟಿಯಂತಹ ದೋಣಿ ಗಿರ್ರನೆ ತಿರುಗುತ್ತಿರುತ್ತದೆ. ಹೆದರಿಕೆ ಸಹಜ. ಆದರೆ ಹೊಳೆಯಲ್ಲೇ ಬದುಕು ಕಳೆದ ಅಂಬಿಗರನ್ನು ಕೇಳಿ ನೋಡಿ. ಅವರ ಉತ್ತರ ಬೇರೆ. ನಡುಹೊಳೆಯಲ್ಲಿ ಜನ ಹೆದರಿ ತೆಪ್ಪಗೆ ಕುಳಿತಿರುತ್ತಾರೆ, ಆದ್ದರಿಂದ ಅಪಾಯ ಕಡಿಮೆ. ದಡ ಕಂಡ ಕೂಡಲೇ ಎದ್ದು ನಿಲ್ಲುತ್ತಾರೆ, ಅಪಾಯ ಅಲ್ಲಿದೆ ಎನ್ನುತ್ತಾರೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನದೇ ತಪ್ಪಿನಿಂದ, ಆನೆಗೊಂದಿಯ ಘಟ್ಟದಲ್ಲಿ ಕಲಿತೆ. ಆ ತಪ್ಪನ್ನು ನಿಮ್ಮ ಮುಂದೆ ಹೇಳಿಕೊಳ್ಳಲು ಇಷ್ಟು ವರ್ಷ ಬೇಕಾಯಿತು.

ಹೊಳೆಯಾಚೆಯ ಊರು

ಆನೆಗೊಂದಿ ಇರುವುದು ಕೊಪ್ಪಳ ಜಿಲ್ಲೆಯಲ್ಲಿ, ಗಂಗಾವತಿಯ ಸಮೀಪ, ತುಂಗಭದ್ರೆಯ ಎಡದಂಡೆಯ ಮೇಲೆ. ಎದುರು ದಂಡೆಯಲ್ಲಿ ಹಂಪಿ. ನಡುವೆ ಹೊಳೆ, ಹೊಳೆಯ ತುಂಬ ಆನೆಗಾತ್ರದ ಬಂಡೆಗಳು. ವಿಜಯನಗರ ಕಾಲದಲ್ಲಿ ಇಲ್ಲಿ ಕಲ್ಲಿನ ಸೇತುವೆಯೊಂದಿತ್ತು. ಅದರ ಕಂಬಗಳ ಸಾಲು ವಿಜಯವಿಠ್ಠಲ ದೇವಾಲಯದ ಸಮೀಪ ನೀರಿನಲ್ಲಿ ಇಂದಿಗೂ ನಿಂತಿದೆ. ಆ ಸೇತುವೆ ಹೋದ ಮೇಲೆ ನೂರಾರು ವರ್ಷ ಜನರಿಗೆ ಹರಿಗೋಲೇ ಗತಿಯಾಯಿತು.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಹರಿಗೋಲುಗಳನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಬೆತ್ತದಿಂದ ಹೆಣೆದ ದುಂಡನೆಯ ಬುಟ್ಟಿ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಮಂದಿಯನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತದೆ, ಆದರೆ ನೆಟ್ಟಗೆ ಹೋಗದೆ ಸದಾ ತಿರುಗುತ್ತಲೇ ಇರುತ್ತದೆ ಎಂಬುದು ಅವನ ವರದಿಯ ಸಾರ. ಐನೂರು ವರ್ಷಗಳಲ್ಲಿ ಬದಲಾದದ್ದು ಹೊದಿಕೆ ಮಾತ್ರ. ಈಗ ಬಿದಿರಿನ ಸೀಳುಗಳನ್ನು ಹೆಣೆದು, ಹೊರಗೆ ಪ್ಲಾಸ್ಟಿಕ್ ಚೀಲ ಹೊದಿಸಿ, ಡಾಂಬರು ಬಳಿಯುತ್ತಾರೆ. ತಿರುಗುವ ಸ್ವಭಾವ ಹಾಗೆಯೇ ಇದೆ.

ನಮ್ಮ ಕಾಲದಲ್ಲಿ ಇಲ್ಲಿ ಹೊಸ ಸೇತುವೆ ಕಟ್ಟಲು ಹೊರಟ ಕಥೆ ದುಃಖದ್ದು. 1986ರಲ್ಲಿ ಹಂಪಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆಯ ಕೆಲಸ ನಡೆಯುತ್ತಿದ್ದಾಗ, ಅದರಿಂದ ಸ್ಮಾರಕಗಳಿಗೆ ಧಕ್ಕೆ ಎಂಬ ಆಕ್ಷೇಪ ಬಂತು. 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಕೆಲಸ ನಿಂತಿತು, ವರ್ಷಗಳ ಬಳಿಕ ಮತ್ತೆ ಆರಂಭವಾಯಿತು. 2009ರ ಜನವರಿಯಲ್ಲಿ ಆ ಸೇತುವೆ ಕುಸಿದು ಬಿದ್ದು ಕೆಲಸದಲ್ಲಿದ್ದ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆಮೇಲೆ ಕೆಳಭಾಗದಲ್ಲಿ ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ ಸೇತುವೆಯಾಯಿತು. ಈಗ ಬಸ್ಸು, ಕಾರುಗಳು ಆ ದಾರಿಯಲ್ಲಿ ಓಡಾಡುತ್ತವೆ. ನಾನು ಹೇಳುವ ಘಟನೆ ಈ ಎರಡರ ನಡುವಿನ ಕಾಲದ್ದು. ಒಂದು ಸೇತುವೆ ಬಿದ್ದಿತ್ತು, ಇನ್ನೊಂದು ಬಂದಿರಲಿಲ್ಲ.

ಆ ಸಂಜೆ

2011ರ ಆಷಾಢ. ಕಮಲಾಪುರದ ನೆಂಟರ ಮನೆಯಿಂದ ಗಂಗಾವತಿಗೆ ಹಿಂದಿರುಗುತ್ತಿದ್ದೆವು. ನಾನು, ನನ್ನ ಅತ್ತೆ, ಆರು ವರ್ಷದ ಮಗಳು. ತಳವಾರಘಟ್ಟಕ್ಕೆ ಬಂದಾಗ ಅಸರ್ ಕಳೆದಿತ್ತು. ಆಚೆ ದಡ ಸೇರಿ ಬಸ್ಸು ಹಿಡಿದರೆ ಮಗ್ರಿಬ್‌ಗೆ ಸ್ವಲ್ಪ ಹೊತ್ತಿಗೆ ಮನೆ ಸೇರಬಹುದು ಎಂಬ ಲೆಕ್ಕ ನನ್ನದು. ಹೊಳೆಯಲ್ಲಿ ನೀರು ಹೆಚ್ಚೇನೂ ಇರಲಿಲ್ಲ. ಗಾಳಿ ಮಾತ್ರ ಹುಚ್ಚೆದ್ದು ಬೀಸುತ್ತಿತ್ತು.

ಈ ಸೀಮೆಯಲ್ಲಿ ಇದ್ದವರಿಗೆ ಆಷಾಢದ ಗಾಳಿಯ ಪರಿಚಯ ಹೇಳಬೇಕಿಲ್ಲ. ಮಳೆ ಕೊಡದ ಮೋಡಗಳನ್ನು ಅಟ್ಟಿಕೊಂಡು ಪಡುವಣದಿಂದ ಹಗಲೆಲ್ಲ ಬೀಸುತ್ತದೆ. ಆ ದಿನಗಳಲ್ಲಿ ಮೇಲಿನ ತುಂಗಭದ್ರಾ ಜಲಾಶಯ ಇನ್ನೂ ತುಂಬಿರುವುದಿಲ್ಲ, ಆದ್ದರಿಂದ ಹೊಳೆಗೆ ಹೆಚ್ಚು ನೀರು ಬಿಟ್ಟಿರುವುದಿಲ್ಲ. ಜಲಾಶಯ ತುಂಬಿ ಬಾಗಿಲು ತೆರೆದರೆ ದೋಣಿ, ಹರಿಗೋಲು ಎಲ್ಲವನ್ನೂ ನಿಲ್ಲಿಸಿಬಿಡುತ್ತಾರೆ. ಹಾಗಾಗಿ ಹರಿಗೋಲಿಗೆ ಗಾಳಿಯ ಕಾಟ ಹೆಚ್ಚಾಗಿ ಕಾಣುವುದು, ನೀರು ಕಡಿಮೆ ಇದೆ ಎಂದು ನಾವು ಧೈರ್ಯವಾಗಿರುವ ಈ ದಿನಗಳಲ್ಲೇ.

ಅಂಬಿಗ ವಯಸ್ಸಾದವರು. ನಮ್ಮನ್ನು ಕೂರಿಸಿಕೊಂಡವರು ನೇರ ಎದುರು ದಡಕ್ಕೆ ಹೊರಡಲಿಲ್ಲ. ಈ ದಂಡೆಗುಂಟವೇ ಮೇಲಕ್ಕೆ, ಹರಿವಿಗೆ ಎದುರಾಗಿ, ಬಂಡೆಗಳ ಮರೆಯ ನಿಂತ ನೀರಿನಲ್ಲಿ ಹುಟ್ಟು ಹಾಕತೊಡಗಿದರು. ನನಗೆ ಸಹನೆ ತಪ್ಪಿತು.

"ಕಾಕಾ, ಊರು ಅಲ್ಲೈತಲ್ರಿ, ನೀವು ಈ ಕಡೆ ಯಾಕ ಹೊಂಟೀರಿ?" ಎಂದೆ.

"ಗಾಳಿ ಕೊಡೋ ಪಾಲು ಮದಲ ತಗದಿಡಬೇಕ್ರಿ ಅಕ್ಕಾರ. ಸುಮ್ಮನ ಕುಂದರ್ರಿ" ಎಂದರು.

ಆ ಮಾತು ಆಗ ಅರ್ಥವಾಗಲಿಲ್ಲ. ಸಾಕಷ್ಟು ಮೇಲೆ ಹೋದ ನಂತರ ಅಡ್ಡಕ್ಕೆ ತಿರುಗಿಸಿದರು. ಬಂಡೆಯ ಮರೆ ಬಿಟ್ಟದ್ದೇ ತಡ, ಗಾಳಿ ಹಿಡಿದುಕೊಂಡಿತು. ನಾವು ಊರಿನ ಮೇಲ್ಭಾಗಕ್ಕೆ ಗುರಿಯಿಟ್ಟು ಹೋಗುತ್ತಿದ್ದರೂ ಹರಿಗೋಲು ಕೆಳಕ್ಕೆ ಜಾರುತ್ತ, ಜಾರುತ್ತ ಸರಿಯಾಗಿ ಘಟ್ಟದ ಮುಂದೆಯೇ ಬಂತು. ಮೊದಲೇ ತೆಗೆದಿಟ್ಟ ಪಾಲು ಎಂದರೆ ಅದು.

ದಡಕ್ಕೆ ಇನ್ನು ಎರಡು ಮಾರು ಇರಬೇಕು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ನಾನು ಚೀಲ ಹೆಗಲಿಗೇರಿಸಿ ಎದ್ದು ನಿಂತೆ. "ನಿಂದರಬ್ಯಾಡ್ರಿ!" ಎಂದು ಅಂಬಿಗರು ಕೂಗಿದ್ದು ಕೇಳಿಸಿತು. ಕೇಳಿಸದಂತೆ, ಹತ್ತಿರ ಬಂದ ಬಂಡೆಯ ಮೇಲೆ ಹಾರಿಬಿಟ್ಟೆ.

ನಾನು ಬಂಡೆಯ ಮೇಲೆ ನಿಂತೆ. ಹಿಂತಿರುಗಿ ನೋಡಿದರೆ ಹರಿಗೋಲು ಅಲ್ಲಿರಲಿಲ್ಲ. ನನ್ನ ಕಾಲು ಒದ್ದ ರಭಸಕ್ಕೆ ಅದು ಹಿಂದಕ್ಕೆ ಚಿಮ್ಮಿತ್ತು, ಅಲ್ಲಿ ಕಾದಿದ್ದ ಗಾಳಿ ಅದನ್ನು ಎತ್ತಿಕೊಂಡು ಕೆಳಕ್ಕೆ ಒಯ್ಯುತ್ತಿತ್ತು. ಮಗಳು "ಅಮ್ಮೀ" ಎಂದು ಅಳುತ್ತ ಎದ್ದು ನಿಂತಳು. ಅತ್ತೆ ಅವಳ ಲಂಗ ಹಿಡಿದೆಳೆದು ತಮ್ಮ ಎರಡು ಮಂಡಿಗಳ ನಡುವೆ ಒತ್ತಿ ಕೂರಿಸಿಕೊಂಡರು. ಒಂದು ಕಡೆಯಿಂದ ನೀರು ಒಳಗೆ ನುಗ್ಗಿದ್ದು ನನಗೆ ಕಾಣಿಸಿತು.

ಅಂಬಿಗರು ಆಗ ಮಾಡಿದ್ದು ನನ್ನನ್ನು ಇನ್ನಷ್ಟು ಕಂಗೆಡಿಸಿತು. ಅವರು ನನ್ನ ಕಡೆಗೆ ಬರಲು ಪ್ರಯತ್ನಿಸಲೇ ಇಲ್ಲ. ಗಾಳಿ ಒಯ್ದತ್ತ ಹೋಗಲು ಬಿಟ್ಟು, ಬರೀ ದಡದಿಂದ ದೂರವಾಗದಂತೆ ಹುಟ್ಟು ಹಾಕುತ್ತಿದ್ದರು. ಕೆಳಗೆ ಒಂದು ದೊಡ್ಡ ಬಂಡೆ ಹೊಳೆಗೆ ಚಾಚಿಕೊಂಡಿತ್ತು. ಅದರ ಪಕ್ಕಕ್ಕೆ ಬಂದದ್ದೇ ನಾಲ್ಕು ಬಾರಿ ಬಲವಾಗಿ ಸೆಳೆದು ಅದರ ಬೆನ್ನ ಹಿಂದೆ ಹೊಕ್ಕರು. ಅಲ್ಲಿ ಗಾಳಿಯೂ ಇರಲಿಲ್ಲ, ಹರಿವೂ ಇರಲಿಲ್ಲ. ಹರಿಗೋಲು ನೆಲಕ್ಕೆ ಇಟ್ಟ ಬುಟ್ಟಿಯಂತೆ ನಿಂತಿತು. ಅವರು ಮೊಣಕಾಲು ನೀರಿಗೆ ಇಳಿದು, ಹಗ್ಗ ಹಿಡಿದು, ಆಮೇಲೆ ಅತ್ತೆಗೆ ಇಳಿಯಲು ಹೇಳಿದರು. ಪರಪುರುಷನ ಕೈ ಹಿಡಿಯಲು ಅತ್ತೆ ಅನುಮಾನಿಸಿದ್ದನ್ನು ಅವರು ಗಮನಿಸಿರಬೇಕು. ಮಾತಿಲ್ಲದೆ ಹುಟ್ಟಿನ ಹಿಡಿಯನ್ನು ಮುಂದೆ ಚಾಚಿದರು. ಅತ್ತೆ ಅದನ್ನು ಹಿಡಿದು ಇಳಿದರು.

ನಾನು ಬಂಡೆಗಳನ್ನು ಹತ್ತಿಳಿದು ಓಡಿ ಬರುವಷ್ಟರಲ್ಲಿ ಮಗಳು ದಡದ ಮೇಲೆ ನಡುಗುತ್ತ ಕುಳಿತಿದ್ದಳು. ಬಸ್ಸು ಹೋಗಿತ್ತು. ಅತ್ತೆ ನನ್ನನ್ನು ಬೈಯಲಿಲ್ಲ. ಒದ್ದೆಯಾದ ಬುರ್ಖಾ ಹಿಂಡಿಕೊಳ್ಳುತ್ತ, "ಮುಂದಿನ ಬಸ್ಸು ಎಷ್ಟು ಗಂಟೆಗೆ ಕೇಳು" ಎಂದರು ಅಷ್ಟೆ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅಂಬಿಗರ ಲೆಕ್ಕ

ಮರುದಿನ ಶಾಲೆಯಲ್ಲಿ ಮಕ್ಕಳಿಗೆ ಪಾಠ ಮಾಡುತ್ತಿದ್ದಾಗ ನನಗೆ ನಗುವೂ ಬಂತು, ನಾಚಿಕೆಯೂ ಆಯಿತು. ಕ್ರಿಯೆಗೆ ಸಮನಾದ ವಿರುದ್ಧ ಪ್ರತಿಕ್ರಿಯೆ ಇರುತ್ತದೆ ಎಂಬ ನ್ಯೂಟನ್ನನ ನಿಯಮಕ್ಕೆ ಪಾಠಪುಸ್ತಕಗಳು ಕೊಡುವ ಉದಾಹರಣೆಯೇ ದೋಣಿಯಿಂದ ದಡಕ್ಕೆ ಹಾರುವವನದು. ಬಾಯಿಪಾಠವಾಗಿತ್ತು, ಕಾಲಿಗೆ ಗೊತ್ತಿರಲಿಲ್ಲ. ಅಂದಿನಿಂದ ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಅಂಬಿಗರನ್ನು ಕೇಳಿ ತಿಳಿದುಕೊಂಡೆ, ಓದಿಯೂ ತಿಳಿದುಕೊಂಡೆ. ಅದರ ಸಾರವನ್ನು ಇಲ್ಲಿ ಹೇಳುತ್ತೇನೆ.

ಹರಿಗೋಲಿಗೆ ಮುಂದು ಹಿಂದು ಇಲ್ಲ. ತಳ ಚಪ್ಪಟೆ, ನೀರಿನೊಳಗೆ ಇಳಿಯುವುದು ತೀರ ಕಡಿಮೆ. ಬಂಡೆಗಳ ಹೊಳೆಗೆ ಇದಕ್ಕಿಂತ ಒಳ್ಳೆಯ ದೋಣಿ ಇಲ್ಲ, ಏಕೆಂದರೆ ಅಡಿಯ ಕಲ್ಲು ತಾಗುವುದಿಲ್ಲ. ಆದರೆ ಇದೇ ಗುಣ ಗಾಳಿಯಲ್ಲಿ ದೋಷವಾಗುತ್ತದೆ. ದೊಡ್ಡ ದೋಣಿಗಳ ತಳದ ಉದ್ದನೆಯ ಮರ ನೀರನ್ನು ಕಚ್ಚಿ ಹಿಡಿದು, ಅಡ್ಡಕ್ಕೆ ಜಾರದಂತೆ ತಡೆಯುತ್ತದೆ. ಹರಿಗೋಲಿಗೆ ಆ ಹಿಡಿತವಿಲ್ಲ. ನೀರಿನ ಮೇಲೆ ತೇಲುವ ಎಲೆಯಂತೆ ಗಾಳಿ ಕರೆದತ್ತ ಹೋಗುತ್ತದೆ. ಖಾಲಿ ಹರಿಗೋಲು ಇನ್ನೂ ಬೇಗ ಹೋಗುತ್ತದೆ, ಏಕೆಂದರೆ ಅದು ನೀರಿನ ಮೇಲೆ ಎದ್ದು ನಿಂತಿರುತ್ತದೆ. ನಾನು ಹಾರಿದ ಮೇಲೆ ಅದು ಅಷ್ಟು ಬೇಗ ದೂರವಾದದ್ದಕ್ಕೆ ನನ್ನ ಭಾರ ಇಳಿದದ್ದೂ ಒಂದು ಕಾರಣ.

ಹುಟ್ಟು ಹಾಕುವ ರೀತಿಯೂ ಬೇರೆ. ಅಂಬಿಗ ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ ಅಂಚಿನಲ್ಲಿ ಕುಳಿತು, ಮುಂದಿನ ನೀರನ್ನು ತನ್ನ ಕಡೆಗೆ ಸೆಳೆಯುತ್ತಾನೆ. ಬುಟ್ಟಿ ಆ ಕಡೆಗೆ ಸರಿಯುತ್ತದೆ. ಸೆಳೆತ ಒಂದೇ ಬದಿಗಾದರೆ ಸುತ್ತತೊಡಗುತ್ತದೆ, ಆದ್ದರಿಂದ ಎಡಕ್ಕೂ ಬಲಕ್ಕೂ ಸರಿತೂಗಿಸಬೇಕು.

ಇನ್ನು "ಗಾಳಿಯ ಪಾಲು". ಉದಾಹರಣೆಗೆ, ಹೊಳೆ ದಾಟಲು ಹತ್ತು ನಿಮಿಷ ಬೇಕು, ಗಾಳಿ ಮತ್ತು ಹರಿವು ಸೇರಿ ನಿಮಿಷಕ್ಕೆ ಇಪ್ಪತ್ತು ಮೀಟರು ಕೆಳಕ್ಕೆ ಒಯ್ಯುತ್ತವೆ ಎಂದಿಟ್ಟುಕೊಳ್ಳಿ. ಆಗ ಇನ್ನೂರು ಮೀಟರು ಮೇಲಿನಿಂದ ಹೊರಟರೆ ಮಾತ್ರ ಘಟ್ಟಕ್ಕೆ ಸರಿಯಾಗಿ ಬರಬಹುದು. ನೇರ ಹೊರಟವನು ಇನ್ನೂರು ಮೀಟರು ಕೆಳಗೆ ಸಿಗುತ್ತಾನೆ. ಅಲ್ಲಿಂದ ಗಾಳಿಗೆ ಎದುರಾಗಿ ಮೇಲೆ ಬರುವುದು ಯಾವ ತೋಳಿಗೂ ಕಷ್ಟ.

ಜಾರುತ್ತಿದ್ದೇವೋ ಇಲ್ಲವೋ ಎಂದು ತಿಳಿಯುವುದು ಹೇಗೆ? ನೀರು ನೋಡಿದರೆ ತಿಳಿಯುವುದಿಲ್ಲ, ಅದೂ ಚಲಿಸುತ್ತಿರುತ್ತದೆ. ದಡದಲ್ಲಿ ಒಂದು ಕಲ್ಲು, ಅದರ ಹಿಂದೆ ದೂರದಲ್ಲಿ ಒಂದು ಮರ, ಎರಡನ್ನೂ ಒಂದೇ ಸಾಲಿನಲ್ಲಿ ಹಿಡಿದು ನೋಡಬೇಕು. ಸಾಲು ಕೆಡದಿದ್ದರೆ ದಾರಿ ಸರಿಯಿದೆ. ಮರ ಕಲ್ಲಿನಿಂದ ಎಡಕ್ಕೆ ಸರಿದಂತೆ ಕಂಡರೆ ನಾವು ಎಡಕ್ಕೆ ಜಾರುತ್ತಿದ್ದೇವೆ, ಬಲಕ್ಕೆ ಸರಿದರೆ ಬಲಕ್ಕೆ. ನಂಬಿಕೆ ಬಾರದಿದ್ದರೆ ಮನೆಯಲ್ಲೇ ಮಕ್ಕಳೊಂದಿಗೆ ಮಾಡಿ ನೋಡಿ. ಒಂದು ಕಣ್ಣು ಮುಚ್ಚಿ, ಹೆಬ್ಬೆರಳನ್ನು ಎದುರಿನ ಕಿಟಕಿಯ ಸರಳಿಗೆ ಸರಿಯಾಗಿ ಹಿಡಿದು, ಬೆರಳು ಅಲುಗಿಸದೆ ತಲೆಯನ್ನು ಎಡಕ್ಕೆ ಸರಿಸಿ. ಸರಳೂ ಬೆರಳಿನಿಂದ ಎಡಕ್ಕೆ ಸರಿಯುತ್ತದೆ. ಸಮುದ್ರದಲ್ಲಿ ಹಡಗು ನಡೆಸುವವರೂ ಬಂದರಿನ ಒಳಗೆ ಬರುವಾಗ ಇದೇ ಉಪಾಯವನ್ನು ಬಳಸುತ್ತಾರೆ.

ಕೊನೆಯದು ಬಂಡೆಯ ಮರೆ. ಹರಿಯುವ ನೀರು ದೊಡ್ಡ ಬಂಡೆಗೆ ಬಡಿದು ಎರಡು ಕಡೆಗೆ ಸೀಳಿದಾಗ, ಬಂಡೆಯ ಕೆಳಬದಿಯಲ್ಲಿ ನೀರು ನಿಧಾನವಾಗಿ ಹಿಂದಕ್ಕೆ ಸುತ್ತುತ್ತದೆ. ಗಾಳಿಯೂ ಮೇಲಿನಿಂದ ಬೀಸುತ್ತಿದ್ದರೆ ಆ ಜಾಗ ಎರಡರಿಂದಲೂ ರಕ್ಷಣೆ ಕೊಡುತ್ತದೆ. ಹಾಗಾಗಿ ಅನುಭವಿ ಅಂಬಿಗ ಹತ್ತಿರದ ದಡಕ್ಕಿಂತ ಮರೆಯ ದಡವನ್ನು ಆರಿಸುತ್ತಾನೆ. ನನ್ನ ಮಗಳನ್ನು ಅವರು ದಡ ಸೇರಿಸಿದ್ದು ಹೀಗೆ.

ಸಮುದ್ರದಲ್ಲೂ ಇದೇ ಪಾಠ

ಮಂಗಳೂರು, ಮಲ್ಪೆಯ ಓದುಗರು ದಕ್ಕೆಯಲ್ಲಿ ಮೀನುಗಾರಿಕೆ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುವುದನ್ನು ಕಂಡಿರುತ್ತೀರಿ. ತುರ್ಕಿ, ಗ್ರೀಸ್ ಕಡೆಯ ಬಂದರುಗಳಲ್ಲಿ ಜಾಗ ಇನ್ನೂ ಇಕ್ಕಟ್ಟು. ಅಲ್ಲಿ ಸಣ್ಣ ಹಡಗುಗಳು ಬೆನ್ನನ್ನು ದಕ್ಕೆಗೆ ಕೊಟ್ಟು ನಿಲ್ಲುತ್ತವೆ. ಮೊದಲು ದೂರದಲ್ಲಿ ಲಂಗರು ಇಳಿಸಿ, ಅದರ ಸರಪಳಿ ಬಿಡುತ್ತ ಹಿಮ್ಮುಖವಾಗಿ ಬಂದು, ಹಿಂದಿನ ಎರಡು ಮೂಲೆಗಳಿಂದ ಹಗ್ಗ ಕಟ್ಟುತ್ತಾರೆ. ಅಡ್ಡಗಾಳಿ ಜೋರಾಗಿದ್ದರೆ ಹಡಗಿನ ಮೂತಿ ಪಕ್ಕದ ಹಡಗಿನ ಮೇಲೆ ವಾಲುತ್ತದೆ. ಅದಕ್ಕೆ ಅವರು ಮಾಡುವುದೇನು? ಲಂಗರನ್ನು ತಮ್ಮ ಜಾಗದ ನೇರಕ್ಕೆ ಇಳಿಸದೆ, ಗಾಳಿ ಬರುವ ಕಡೆಗೆ ಸ್ವಲ್ಪ ಸರಿಸಿ ಇಳಿಸುತ್ತಾರೆ. ಚುಕ್ಕಾಣಿ ಕೆಲಸ ಮಾಡುವಷ್ಟು ವೇಗ ಉಳಿಸಿಕೊಂಡು ಬರುತ್ತಾರೆ, ತೀರ ನಿಧಾನವಾದರೆ ಹಡಗು ಗಾಳಿಯ ಕೈಗೆ ಹೋಗುತ್ತದೆ. ದಕ್ಕೆ ಮುಟ್ಟಿದಾಗ ಗಾಳಿ ಬರುವ ಕಡೆಯ ಹಗ್ಗವನ್ನೇ ಮೊದಲು ಕಟ್ಟುತ್ತಾರೆ. ಸರಿ ಬರಲಿಲ್ಲ ಎನಿಸಿದರೆ ಹಟ ಹಿಡಿಯದೆ ಹೊರಗೆ ಹೋಗಿ ಮತ್ತೊಮ್ಮೆ ಬರುತ್ತಾರೆ. ಲೆಕ್ಕ ನಮ್ಮ ಅಂಬಿಗರದ್ದೇ ಅಲ್ಲವೇ? ಗಾಳಿಯ ಪಾಲು ಮೊದಲೇ ತೆಗೆದಿಡುವುದು, ತಪ್ಪಿದರೆ ಕೆಳಗಿನ ಬಂಡೆಯ ಮರೆಗೆ ಹೋಗುವುದು.

ನಾವು ಆಡುವ 'ಬಂದರು', 'ಲಂಗರು' ಎಂಬ ಪದಗಳು ಫಾರ್ಸಿಯಿಂದ ಬಂದವು. 'ಮಾನ್ಸೂನ್' ಎಂಬುದರ ಮೂಲ ಅರಬಿಯ 'ಮೌಸಿಮ್', ಋತು ಎಂದರ್ಥ. ಇನ್ನೊಂದು ಪದ ನನಗೆ ಬಹಳ ಪ್ರಿಯ. ಮದ್ರಸದಲ್ಲಿ ಕಲಿಸುವವರನ್ನು ನಾವು 'ಮುಅಲ್ಲಿಮ್' ಎನ್ನುತ್ತೇವೆ. ಅರಬಿ ಸಮುದ್ರದ ಹಡಗುಗಳಲ್ಲಿ ದಾರಿ ತೋರುವವನನ್ನು ಕರೆಯುತ್ತಿದ್ದದ್ದೂ ಇದೇ ಹೆಸರಿನಿಂದ. ಹದಿನೈದನೆಯ ಶತಮಾನದ ಪ್ರಸಿದ್ಧ ನಾವಿಕ ಇಬ್ನ್ ಮಾಜಿದ್ ಗಾಳಿ, ನಕ್ಷತ್ರ, ದಡದ ಗುರುತುಗಳ ಬಗ್ಗೆ ಗ್ರಂಥವನ್ನೇ ಬರೆದವರು. 1443ರಲ್ಲಿ ವಿಜಯನಗರಕ್ಕೆ ಬಂದ ತೈಮೂರಿ ದೊರೆ ಶಾರುಖ್‌ನ ರಾಯಭಾರಿ ಅಬ್ದುಲ್ ರಝಾಕ್, ಹೊರ್ಮುಝ್‌ನಲ್ಲಿ ತಡವಾಗಿ ಒಳ್ಳೆಯ ಗಾಳಿಯ ಕಾಲ ಕಳೆದ ಮೇಲೆ ಹಡಗು ಹತ್ತಬೇಕಾಗಿ ಬಂದ ಭೀತಿಯನ್ನು ಬರೆದುಕೊಂಡಿದ್ದಾರೆ. ಗಾಳಿಯ ವೇಳೆಗೆ ಮನುಷ್ಯ ಕಾಯಬೇಕು, ಮನುಷ್ಯನ ವೇಳೆಗೆ ಗಾಳಿ ಕಾಯುವುದಿಲ್ಲ ಎಂಬುದನ್ನು ದೊರೆಗಳ ರಾಯಭಾರಿಗಳೂ ಹೀಗೆಯೇ ಕಲಿತರು.

ನೀವು ಹೋಗುವಾಗ

ಈಗ ಸೇತುವೆ ಇದೆ, ಹರಿಗೋಲಿನ ಮಾತು ಯಾಕೆ ಎನ್ನಬೇಡಿ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹಂಪಿ, ಆನೆಗೊಂದಿಗೆ ಬರುವ ಕುಟುಂಬಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಸಣಾಪುರದ ಕೆರೆಯಲ್ಲಿ ಪ್ರವಾಸಿಗರು ಹರಿಗೋಲು ಏರುತ್ತಾರೆ. ಅಲ್ಲಿ ಹರಿವಿಲ್ಲ, ಆದರೆ ಬಯಲು ನೀರಿನ ಮೇಲೆ ಗಾಳಿಗೆ ತಡೆಯೂ ಇಲ್ಲ. ಆದ್ದರಿಂದ ಕೆಲವು ಮಾತು ನೆನಪಿಡಿ.

ಹತ್ತುವ ಮೊದಲು ಮೇಲಿನ ಜಲಾಶಯದ ಸುದ್ದಿ ತಿಳಿದುಕೊಳ್ಳಿ. ತುಂಗಭದ್ರಾ ಜಲಾಶಯಕ್ಕೆ 33 ಬಾಗಿಲುಗಳು. 2019ರ ಆಗಸ್ಟ್‌ನಲ್ಲಿ ಭಾರಿ ನೀರು ಬಿಟ್ಟಾಗ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದ ನೂರಾರು ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರ್‌ಗಳಲ್ಲಿ ಹೊರತರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ 19ನೆಯ ಬಾಗಿಲಿನ ಸರಪಳಿ ಕಡಿದು ಬಾಗಿಲೇ ಕೊಚ್ಚಿಹೋಯಿತು. ಹೊಳೆಗೆ ಇಳಿಯಬೇಡಿ ಎಂಬ ಎಚ್ಚರಿಕೆ ಇದ್ದಾಗ, "ನೀರು ಕಮ್ಮಿ ಕಾಣುತ್ತಿದೆ" ಎಂದು ವಾದಿಸಬೇಡಿ.

ಜೀವರಕ್ಷಕ ಅಂಗಿಯನ್ನು ಬುರ್ಖಾದ ಮೇಲೆಯೇ ಹಾಕಿಕೊಳ್ಳಿ, ಪಟ್ಟಿ ಬಿಗಿಯಾಗಿ ಕಟ್ಟಿ. ಕೆಲವು ಸಹೋದರಿಯರು ಚೆನ್ನಾಗಿ ಕಾಣುವುದಿಲ್ಲವೆಂದು ಅದನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತದ್ದನ್ನು ಕಂಡಿದ್ದೇನೆ. ಮಡಿಲಲ್ಲಿರುವ ಅಂಗಿ ಯಾರನ್ನೂ ತೇಲಿಸುವುದಿಲ್ಲ. ಬುರ್ಖಾ, ಸೀರೆಯ ಅಂಚನ್ನು ಸ್ವಲ್ಪ ಎತ್ತಿ ಸಿಕ್ಕಿಸಿಕೊಳ್ಳಿ, ಇಳಿಯುವಾಗ ಕಾಲಿಗೆ ತೊಡರುವುದು ಅದೇ. ಚೀಲಗಳನ್ನು ನಡುವೆ ಇಡಿ. ಮಗುವನ್ನು ತಳದಲ್ಲಿ ಕೂರಿಸಿ, ಬಟ್ಟೆಯಿಂದ ನಿಮ್ಮ ಮೈಗೆ ಕಟ್ಟಿಕೊಳ್ಳಬೇಡಿ. ಫೋಟೊ ತೆಗೆಯಲು ಎಲ್ಲರೂ ಒಂದೇ ಬದಿಗೆ ವಾಲಬೇಡಿ.

ಗಾಳಿ ಹೆಚ್ಚಿದೆ, ಈಗ ಬೇಡ ಎಂದು ಅಂಬಿಗ ಹೇಳಿದರೆ ಅವನಿಗೆ ದುಡ್ಡಿನ ಆಸೆ ತೋರಿಸಬೇಡಿ. ಆ ದಿನದ ದುಡಿಮೆಯನ್ನು ಬಿಟ್ಟು ಬೇಡ ಎನ್ನುತ್ತಿದ್ದಾನೆಂದರೆ ಅವನಿಗೆ ಕಾರಣ ಇದೆ.

ದಡ ಬಂದಾಗ ಕುಳಿತೇ ಇರಿ. ಅಂಬಿಗ ಮೊದಲು ಇಳಿಯಲಿ, ಹಗ್ಗ ಹಿಡಿಯಲಿ, ಅವನು ಹೇಳಿದವರು ಹೇಳಿದ ಸಾಲಿನಲ್ಲಿ ಒಬ್ಬೊಬ್ಬರಾಗಿ ಇಳಿಯಲಿ. ಹಾರಬೇಡಿ, ಕಾಲು ಊರಿ ಇಳಿಯಿರಿ. ಕೈ ಹಿಡಿಯಲು ಸಂಕೋಚವಾದರೆ ಹುಟ್ಟಿನ ಹಿಡಿ ಕೇಳಿ, ಅಥವಾ ಮೊದಲು ಇಳಿದ ಹೆಣ್ಣುಮಗಳ ಕೈ ಹಿಡಿಯಿರಿ. ಸಂಕೋಚಪಟ್ಟು ಯಾವ ಆಸರೆಯೂ ಇಲ್ಲದೆ ಇಳಿಯುವುದು ಬೇಡ.

ಸಂಜೆ ಅಂಬಿಗರು ಹರಿಗೋಲನ್ನು ನೀರಿನಿಂದ ಎತ್ತಿ, ತಲೆಯ ಮೇಲೆ ಹೊತ್ತು ತಂದು, ದಡದಲ್ಲಿ ಬೋರಲು ಹಾಕುತ್ತಾರೆ. ಗಾಳಿ ಹೊತ್ತೊಯ್ಯದಂತೆ ಮೇಲೆ ಕಲ್ಲು ಹೇರುತ್ತಾರೆ. ಆ ಕಲ್ಲು ಹೇರುವವರೆಗೆ ಅವರ ಪಾಲಿಗೆ ಆ ದಿನದ ದೋಣಿ ದಡ ಸೇರಿದಂತಲ್ಲ.

ನನ್ನ ಮಗಳು ಈಗ ಕಾಲೇಜು ಓದುತ್ತಿದ್ದಾಳೆ. ಅತ್ತೆ ಈಗಿಲ್ಲ. ಕಳೆದ ವರ್ಷ ಇಬ್ಬರೇ ಆನೆಗೊಂದಿಗೆ ಹೋಗಿ ಹೊಳೆಯ ಬಳಿ ಕುಳಿತಿದ್ದೆವು. "ಆ ದಿನ ಏನು ನೆನಪಿದೆ?" ಎಂದು ಕೇಳಿದೆ. ನಾನು ಹಾರಿದ್ದನ್ನು ಹೇಳುತ್ತಾಳೆಂದು ಎದೆ ಹಿಡಿದುಕೊಂಡಿದ್ದೆ. "ದಾದಿಮಾ ನನ್ನನ್ನು ಮಂಡಿಯಲ್ಲಿ ಒತ್ತಿ ಹಿಡಿದದ್ದು. ಕಾಲು ನೋಯುತ್ತಿತ್ತು" ಎಂದಳು. ಆಮೇಲೆ ಎದುರು ದಡದಿಂದ ಒಂದು ಹರಿಗೋಲು ಹೊರಟು ಬಂತು. ಒಬ್ಬ ತಾಯಿ, ಎರಡು ಮಕ್ಕಳು. ದಡ ಹತ್ತಿರವಾದಂತೆ ಆ ತಾಯಿ ಏಳಲು ನೋಡಿದಳು. ನಾವಿಬ್ಬರೂ ಒಟ್ಟಿಗೆ ಕೂಗಿದೆವು: "ಕುಂದರ್ರಿ ಅಕ್ಕಾರ, ಕುಂದರ್ರಿ!"

ಆಕೆ ಕುಳಿತಳು. ಅಂಬಿಗ ಇಳಿದು ಹಗ್ಗ ಹಿಡಿದ.